ಏಳು ಕಿಲೋ ಮೇವು

ಬೆಳಿಗ್ಗೆ ಐವತ್ತು ಕಿಲೋ ಇದ್ದ ಕನಕಪ್ಪ ಅದೇ ದಿನ ಸಂಜೆಗೆ ಐವತ್ತೇಳು ಕಿಲೋ ತೂಗಿದ. ನಡುವೆ ಅವನ ಹೊಟ್ಟೆಗೆ ಬಿದ್ದದ್ದು ಒಂದೂವರೆ ರೊಟ್ಟಿ, ಒಂದು ಹಸಿಮೆಣಸಿನಕಾಯಿ, ಎರಡು ತಂಬಿಗೆ ನೀರು.

"ಏಳು ಕಿಲೋರೀ. ಹತ್ತು ತಾಸಿನ್ಯಾಗ," ಎಂದು ಅವನು ಖಾಜಾಬೀಯ ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತು ಹೇಳಿದಾಗ ಅಲ್ಲಿದ್ದ ಏಳೆಂಟು ಮಂದಿಯಲ್ಲಿ ಒಬ್ಬನೂ ನಂಬಲಿಲ್ಲ. ಕನಕಗಿರಿ ಹತ್ತಿರದ ಆ ಊರಿನಲ್ಲಿ ಕನಕಪ್ಪನ ಮಾತು ನಂಬಿ ಕೆಟ್ಟವರು ಯಾರೂ ಇಲ್ಲ. ಅವನು ನೋಡಿಕೊಳ್ಳುವ ಬಾದಲ್ ಎಂಬ ಕುದುರೆ ಗಂಗಾವತಿಯಲ್ಲಿ ಸೀನಿದರೆ ಕನಕಗಿರಿ ಸಂತೆಯಲ್ಲಿ ಮೆಣಸಿನಕಾಯಿ ಚೀಲಗಳು ಉರುಳುತ್ತವೆ. ಅದರ ಲದ್ದಿ ಬಿದ್ದ ಕಡೆ ಬಿತ್ತದೆಯೇ ಜೋಳ ಹುಟ್ಟಿ, ಕಳೆ ತೆಗೆಯದೆಯೇ ತೆನೆ ಕಟ್ಟುತ್ತದೆ. ಅಮಾವಾಸ್ಯೆಗೊಂದು ರಜೆ ಸಿಕ್ಕಾಗ ಅವನು ಊರಿಗೆ ತರುತ್ತಿದ್ದದ್ದು ಇಂಥ ಸರಕನ್ನೇ.

"ಏಳು ಕಿಲೋ ಏರಾಕ ಬಸರಾಗಿದ್ದಿಯೇನೋ ಕನಕಪ್ಪಣ್ಣ?" ಖಾಜಾಬೀ ಚಹಾ ಸೋಸುತ್ತ ಕೇಳಿದಳು.

"ಕುದರಿ ಮೇವು ತಿಂದೀನಂತ ಅಕ್ಕ. ನಾ ಅಂದಿದ್ದಲ್ಲ, ತೂಕದ ಕಾಟಾ ಅಂದಿದ್ದು. ಪೂರ್ತಿ ಕೇಳು, ಆಮ್ಯಾಲ ನಗು."

ಕನಕಪ್ಪ ದುಡಿಯುವುದು ಗಂಗಾವತಿ ರಸ್ತೆಯ ಮೇಲಿನ ಪ್ರಭುರಾಜ ಸಾಹುಕಾರನ ಅಕ್ಕಿ ಮಿಲ್ಲಿನಲ್ಲಿ. ಅವನದು ಕುದುರೆ ಚಾಕರಿ. ಹೆಂಡತಿ ಗಾಳೆಮ್ಮ ಅಂಗಳದಲ್ಲಿ ಚೆಲ್ಲಿದ ಭತ್ತ ಗುಡಿಸುತ್ತಾಳೆ. ಇಬ್ಬರಿಗೂ ಸೇರಿ ಲಾಯದ ಬೆನ್ನಿಗೊಂದು ತಗಡಿನ ಕೋಣೆ. ಲಾಯಕ್ಕೆ ಫ್ಯಾನಿದೆ, ಕೋಣೆಗಿಲ್ಲ. ಆ ಫ್ಯಾನಿನ ಗಾಳಿಗೆ ಬಾದಲ್‌ಗೆ ಒಮ್ಮೆ ನೆಗಡಿಯಾಗಿ ಅದು ಇಂಗ್ಲಿಷಿನಲ್ಲಿ ಕೆಮ್ಮಿತ್ತೆಂದು ಕನಕಪ್ಪ ಆಣೆ ಮಾಡುತ್ತಾನೆ.

ಬಾದಲ್ ಸುಮ್ಮನೆ ನಿಂತು ತಿನ್ನುವ ಕುದುರೆಯಲ್ಲ. ಮದುವೆ ಕಾಲದಲ್ಲಿ ದಿನಕ್ಕೆರಡು ದಿಬ್ಬಣ. ಡಾಂಬರಿನ ಮೇಲೆ ಮೂರು ಮೂರು ತಾಸು, ಕಿವಿಯ ಪಕ್ಕದಲ್ಲೇ ಡಿಜೆ, ಬೆನ್ನ ಮೇಲೆ ತೊಂಬತ್ತು ಕಿಲೋದ ಮದುಮಗ. ಮದುವೆ ಮುಗಿದರೆ ಜಯಂತಿಗಳು, ಸಾಹುಕಾರನ ಪಾರ್ಟಿಯ ಮೆರವಣಿಗೆಗಳು. ಇಷ್ಟು ದುಡಿತಕ್ಕೆ ಸಾಹುಕಾರ ಹಾಕಿಸುತ್ತಿದ್ದದ್ದು ತನ್ನ ಮಿಲ್ಲಿನಲ್ಲೇ ರಾಶಿ ಬೀಳುವ ತೌಡು, ಮೇಲೊಂದಿಷ್ಟು ಭತ್ತದ ಹುಲ್ಲು. ಒಂದು ದಿನ ಕುದುರೆ ಹೊಟ್ಟೆ ನೋವಿಗೆ ಬಿದ್ದು ಹೊರಳಿತು. ದನದ ಡಾಕ್ಟರು ಅಮೃತಾ ಬಂದು ಮೊಳಕೈತನಕ ಕೈ ಹಾಕಿ ನೋಡಿದರು.

"ಇದು ದುಡಿಯೋ ಪ್ರಾಣಿ, ಸಾಹುಕಾರ್ರ. ಇದಕ್ಕ ಶಕ್ತಿ ನಾರಿನಿಂದ ಬರಬೇಕು, ತೌಡಿನಿಂದಲ್ಲ. ನಾನೂರು ಕಿಲೋ ಮೈ ಐತಿ. ದಿನಕ್ಕ ಎಂಟು ಕಿಲೋ ಒಣ ಮೇವು ಹಾಕ್ರಿ. ಬೆಲ್ಲ ಹಾಕಿ ಒತ್ತಿದ ನಾರಿನ ಗುಳಿಗಿ ಚೀಲ ತರಸ್ರಿ, ಅದರಾಗ ಎರಡು ಕಿಲೋ ತಗದು ನೀರಾಗ ನೆನಸಿ ಕೊಡ್ರಿ. ಬುಟ್ಟಿ ಲೆಕ್ಕ ಬ್ಯಾಡ. ಒಂದು ಬುಟ್ಟಿ ಹೊಟ್ಟು, ಒಂದು ಬುಟ್ಟಿ ಗುಳಿಗಿ ಒಂದ ತೂಕ ಬರಂಗಿಲ್ಲ. ಕಾಟಾದ ಮ್ಯಾಲ ತೂಗಿ ಹಾಕ್ರಿ."

ಡಾಕ್ಟರು ಹೇಳಿದ್ದು ಸರಿಯೇ ಇತ್ತು. ಮೇವು ಆರಿಸುವ ಕೆಲಸ ಕನಕಪ್ಪನದಾಯಿತು. ಕುಷ್ಟಗಿ ಕಡೆಯಿಂದ ಬಂದ ಜೋಳದ ಒಣದಂಟಿನ ಕಣಿಕಿಯನ್ನು ಅವನು ಒಂದೊಂದೇ ಸೂಡು ಬಿಚ್ಚಿ ಮೂಸಿದ, ದಂಟು ಮುರಿದು ಒಳಗೆ ಕಪ್ಪು ಹಿಡಿದಿದೆಯೇ ನೋಡಿದ, ನಾಲಿಗೆಗೂ ತಾಗಿಸಿಕೊಂಡ. ಶೇಂಗಾ ಬಳ್ಳಿಯ ಹೊಟ್ಟನ್ನು ಜರಡಿಯಲ್ಲಿ ಆಡಿಸಿ ಮಣ್ಣು ಉದುರಿಸಿದ. ಬೂಷ್ಟು ಹಿಡಿದ ಸೂಡನ್ನು ಅವನು ಮೂರು ಹರದಾರಿ ದೂರದಿಂದಲೇ ಮೂಸಿ ಹಿಡಿಯಬಲ್ಲ. ಸರಿ, ಮೂರು ಮಾರು ದೂರದಿಂದಲಾದರೂ ಖಂಡಿತ ಹಿಡಿಯುತ್ತಾನೆ.

ಅವನ ಅಪ್ಪ, ಅಜ್ಜ ಎಲ್ಲರೂ ಮೇವು ಅಳೆದದ್ದು ತೆಕ್ಕೆಯಲ್ಲಿ. ಎರಡು ತೋಳು ಬಳಸಿ ತಬ್ಬಿ, ಬೆರಳಿಗೆ ಬೆರಳು ತಾಗಿದರೆ ಇಷ್ಟು, ತಾಗದಿದ್ದರೆ ಅಷ್ಟು. ಮೊದಲ ದಿನ ಮಿಲ್ಲಿನ ಗುಮಾಸ್ತ ಗೋವಿಂದರಾಜ ತೌಡು ಮಾರುವ ಕಾಟಾದ ಮೇಲೆ ಎಂಟು ಕಿಲೋ ತೂಗಿ ಕೊಟ್ಟಾಗ ಕನಕಪ್ಪ ಅದನ್ನು ತಬ್ಬಿದ. ಬೆರಳು ದಾಟಿ ಬೆರಳು ಹೋದವು. ತೆಕ್ಕೆ ಸಡಿಲವಿತ್ತು.

"ಇದು ಎಂಟು ಕಿಲೋ ಅಲ್ರಿ ಗುಮಾಸ್ತರ. ಏಳೂ ಚಿಲ್ಲರ ಐತಿ."

"ಕರೆಂಟಿನ ಕಾಟಾ ಸುಳ್ಳ ಹೇಳತೈತೇನಲೇ? ಸರಕಾರದವರು ಬಂದು ಸೀಲ್ ಒತ್ಯಾರ ಅದಕ್ಕ. ನಿನ್ನ ತೋಳಿಗೆ ಯಾವಾಗ ಬಂದು ಒತ್ಯಾರೋ ಹಲ್ಕಟ್? ಎತ್ತಲೇ ಮೇವು."

ಎತ್ತಿದ. ಎರಡು ತಿಂಗಳು ಎತ್ತಿದ. ದಿಬ್ಬಣ ಕಡಿಮೆಯಾಗಲಿಲ್ಲ, ತೆಕ್ಕೆ ಬಿಗಿಯಾಗಲಿಲ್ಲ. ಬಾದಲ್‌ನ ಪಕ್ಕೆಲುಬು ಒಂದೊಂದೇ ಎದ್ದು ಬಂದವು. ಕೊನೆಗೆ ಭಾಗ್ಯನಗರದ ಒಂದು ದಿಬ್ಬಣದಲ್ಲಿ ಅದರ ಮುಂಗಾಲು ಮಡಚಿತು. ಮದುಮಗ ಬಾಸಿಂಗದ ಸಮೇತ ಬ್ಯಾಂಡಿನವರ ಡೊಳ್ಳಿನ ಮೇಲೆ ಬಿದ್ದ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಮೂರು ತಾಲ್ಲೂಕು ನೋಡಿ ನಕ್ಕಿತು. ಕನಕಪ್ಪನ ಲೆಕ್ಕದಲ್ಲಿ ದೇಶವೇ ನಕ್ಕಿತು.

ಮರುದಿನ ಸಾಹುಕಾರ ಲಾಯಕ್ಕೆ ಬಂದ.

"ನಾ ತಂದು ಸುರಿಯೋದು ಕುದರಿಗೋ ನಿನ್ನ ಹೊಟ್ಟಿಗೋ?"

"ಧಣಿ, ತೂಗಿ ಕೊಟ್ಟಷ್ಟೂ ಅದರ ಮುಂದ ಇಟ್ಟೀನ್ರಿ."

"ಗೋವಿಂದಾ, ಆ ಸೂಳಿಮಗನ ಬಾಯಿ ಮೂಸಿ ನೋಡು. ಗುಳಿಗಿಗೆ ಬೆಲ್ಲದ ವಾಸನಿ ಇರತೈತಿ."

ಗೋವಿಂದರಾಜ ಕರ್ಚೀಫಿನಲ್ಲಿ ತನ್ನ ಮೂಗು ಮುಚ್ಚಿಕೊಂಡು ಹತ್ತಿರ ಬಂದ. ಮೂಗು ಮುಚ್ಚಿಕೊಂಡವನು ಮೂಸುವುದು ಹೇಗೆಂದು ಅಲ್ಲಿದ್ದ ಹಮಾಲರಲ್ಲಿ ಯಾರೂ ಕೇಳಲಿಲ್ಲ. ಕನಕಪ್ಪ ಬಾಯಿ ತೆರೆದು ನಿಂತ. ಕುದುರೆಯ ವಯಸ್ಸು ನೋಡುವವರು ಹಲ್ಲು ಹಿಡಿಯುವಂತೆ ಗುಮಾಸ್ತ ಅವನ ಗದ್ದ ಹಿಡಿದು ಅತ್ತಿತ್ತ ತಿರುಗಿಸಿದ.

"ಬರತೈತ್ರಿ ವಾಸನಿ. ಸ್ವಲ್ಪ ಬರತೈತಿ."

"ಹಂಗಾರ ನಾಳಿಂದ ಇವನೂ ತೂಕಕ್ಕ. ಮುಂಜಾನಿ ಒಮ್ಮೆ, ಸಂಜಿಮುಂದ ಒಮ್ಮೆ. ತೂಕ ಏರಿದ್ರ ಗಂಡಾ ಹೆಣ್ತಿ ಇಬ್ಬರೂ ಅವತ್ತ ಗಂಟು ಕಟ್ಟಬೇಕು. ಕಳ್ಳನನ್ನ ಇಟ್ಟುಕೊಂಡ ಮಿಲ್ಲು ಅನಿಸಿಕೊಳ್ಳಾಕ ನಾ ತಯಾರಿಲ್ಲ."

ಕನಕಪ್ಪನಿಗೆ ಅವತ್ತು ರಾತ್ರಿ ಒಳ್ಳೆಯ ನಿದ್ದೆ ಬಂತು. ತಿಂದಿಲ್ಲದವನು ಕಾಟಾಕ್ಕೆ ಏಕೆ ಹೆದರಬೇಕು? ದುಡಿದವನ ತೂಕ ಸಂಜೆಗೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಬೆಳಿಗ್ಗೆ ಅವನನ್ನು ನಿಲ್ಲಿಸಿದ್ದು ಗೇಟಿನ ಪಕ್ಕದ ಕಾಟಾದ ಮೇಲೆ. ರೈತರ ಭತ್ತ ಕೊಳ್ಳುವ ಕಾಟಾ ಅದು. ಟ್ರ್ಯಾಕ್ಟರುಗಳು ಇನ್ನೂ ಬಂದಿರಲಿಲ್ಲ. ಹಮಾಲರು ಚೀಲದ ಕೊಕ್ಕೆ ಕೈಯಲ್ಲಿ ಹಿಡಿದು ಸುತ್ತ ನಿಂತರು. ಐವತ್ತು. ಗೋವಿಂದರಾಜ ಬರೆದುಕೊಂಡ. ಸಂಜೆಗೆ ಆ ಕಾಟಾ ಖಾಲಿ ಇರಲಿಲ್ಲ. ಗೇಟಿನಿಂದ ರಸ್ತೆತನಕ ಭತ್ತದ ಟ್ರ್ಯಾಕ್ಟರುಗಳು ನಿಂತಿದ್ದವು. ಗುಮಾಸ್ತನಿಗೆ ಅವಸರ. ಕನಕಪ್ಪನನ್ನು ಒಳಗೆ ತೌಡು ಮಾರುವ ಕಾಟಾದ ಮೇಲೆ ಹತ್ತಿಸಿದ. ಐವತ್ತೇಳು.

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನೆಲ ನೋಡಿದರು. ಕೊಳ್ಳುವ ಕಾಟಾ ಕ್ವಿಂಟಲಿಗೆ ನಾಲ್ಕು ಕಿಲೋ ಕಡಿಮೆ ತೋರಿಸುತ್ತದೆ, ಮಾರುವ ಕಾಟಾ ಹತ್ತು ಕಿಲೋ ಹೆಚ್ಚು ತೋರಿಸುತ್ತದೆ ಎಂಬುದು ಆ ಮಿಲ್ಲಿನ ಹಮಾಲರಿಗೆಲ್ಲ ಗೊತ್ತು. ಒಂದರ ಮೇಲೆ ರೈತನ ಭತ್ತ ಸೊರಗುತ್ತದೆ, ಇನ್ನೊಂದರ ಮೇಲೆ ಸಾಹುಕಾರನ ತೌಡು ಕೊಬ್ಬುತ್ತದೆ. ಆ ಕೊಬ್ಬಿಸುವ ಕಾಟಾದ ಮೇಲೆಯೇ ಎರಡು ತಿಂಗಳು ಬಾದಲ್‌ನ ಮೇವು ತೂಗಿದ್ದರು. ಸಾಹುಕಾರ ಊರವರಿಗೆಂದು ಕಟ್ಟಿದ ಮೋಸ ಅವನ ಕುದುರೆಯ ಹೊಟ್ಟೆಯನ್ನೂ ಹೊಕ್ಕಿತ್ತು.

"ಆಮ್ಯಾಲ?" ಚಹಾದಂಗಡಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಖಾಜಾಬೀ ಸೋಸುವುದನ್ನು ನಿಲ್ಲಿಸಿದ್ದಳು.

ಆಮೇಲೆ ಕನಕಪ್ಪ ಏನು ಮಾಡಿದನೆಂದರೆ, ಎದೆ ಸೆಟೆಸಿ ತೌಡಿನ ಕಾಟಾದಿಂದ ಧುಮುಕಿದ. ಸಾಹುಕಾರನ ಶರ್ಟಿನ ಕಾಲರು ಹಿಡಿದು ದರದರ ಎಳೆದುಕೊಂಡು ಗೇಟಿನ ಕಾಟಾಕ್ಕೆ ಬಂದ. ಅರವತ್ತು ಟ್ರ್ಯಾಕ್ಟರಿನ ರೈತರ ಮುಂದೆ ಹತ್ತಿ ನಿಂತ. ಐವತ್ತು. ಒಳಗೆ ಓಡಿ ಆ ಕಾಟಾ ಹತ್ತಿದ. ಐವತ್ತೇಳು. ಹೊರಗೆ ಓಡಿದ, ಐವತ್ತು. ಹೀಗೆ ಇಪ್ಪತ್ತೊಂದು ಸಲ. "ನೋಡ್ರಪ್ಪೋ, ನಾ ಕಳ್ಳ ಅಲ್ಲ, ಇವನ ಕಾಟಾ ಕಳ್ಳ" ಎಂದು ಅವನು ಕೂಗಿದ್ದು ಕೊಪ್ಪಳದ ಕೋರ್ಟಿನಲ್ಲಿ ಕೇಳಿ ವಕೀಲರು ಎದ್ದು ನಿಂತರು. ರೈತರು ಸಾಹುಕಾರನನ್ನೇ ಎತ್ತಿ ಕಾಟಾದ ಮೇಲೆ ಕೂರಿಸಿದರು. ಗೋವಿಂದರಾಜ ಕಾಲುವೆಗೆ ಹಾರಿ...

"ಕಾಕಾ."

ಕರೆದವನು ಯಂಕೇಶ. ಅವನು ಮಾತಿನ ನಡುವೆ ಬಂದು ಕಂಬಕ್ಕೊರಗಿ ನಿಂತದ್ದನ್ನು ಕನಕಪ್ಪ ಗಮನಿಸಿರಲಿಲ್ಲ. ವರ್ಷಕ್ಕಿಷ್ಟು ಹಣ ಕೊಟ್ಟು ಲಾವಣಿಗೆ ಹಾಕಿಕೊಂಡ ಹೊಲದಲ್ಲಿ ಭತ್ತ ಬೆಳೆಯುವವನು. ಹೊರಗೆ ನಿಂತ ಅವನ ಟ್ರ್ಯಾಕ್ಟರಿನ ತುಂಬ ಭತ್ತವಿತ್ತು. ಅದೇ ಮಿಲ್ಲಿಗೆ ಹೊರಟಿತ್ತು.

"ಅವತ್ತು ನನ್ನ ಟ್ರ್ಯಾಕ್ಟರು ಗೇಟಿನಿಂದ ಮೂರನೇದಿತ್ತು. ನೀ ಕಾಲರ್ ಹಿಡದಿದ್ದು ನಾ ನೋಡಲಿಲ್ಲ. ಸಾವ್ಕಾರನ ಮುಂದ ಬಗ್ಗಿ ನಿಂತಿದ್ದಿ. ಇಂಜಿನ್ ಸಪ್ಪಳಕ್ಕ ಮಾತು ಕೇಳಲಿಲ್ಲ. ಬಕೀಟಿನ್ಯಾಗಿಂದ ಏನೋ ತಗದು ತಿನ್ನಾಕತ್ತಿದ್ದಿ. ನಾ ಪ್ರಸಾದ ಹಂಚಾಕತ್ಯಾರ ಅನ್ಕೊಂಡೆ."

ಕನಕಪ್ಪ ಚಹಾದ ಗ್ಲಾಸು ಕೆಳಗಿಟ್ಟ.

"ಕೂಗಿದ್ದು ಸುಳ್ಳು ಅಂತ ಗೊತ್ತಾತು. ಒಂದ ಮಾತು ಹೇಳು ಕಾಕಾ. ಎರಡು ಕಾಟಾದ ಮಾತೂ ಸುಳ್ಳನಾ?"

ಬೆಂಚಿನ ಮೇಲಿದ್ದವರೆಲ್ಲ ಭತ್ತ ಮಾರಿದವರು. ಖಾಜಾಬೀ ಎಮ್ಮೆಗೆ ತೌಡು ತರುತ್ತಿದ್ದದ್ದು ಅಲ್ಲಿಂದಲೇ. ಅವರೆಲ್ಲ ಅವನ ಬಾಯಿ ನೋಡುತ್ತಿದ್ದರು.

"ಕೂಗಿದ್ದು ಸುಳ್ಳು," ಕನಕಪ್ಪ ಹೇಳಿದ. "ಕಾಟಾ ಖರೆ."

ಮುಂದಿನದನ್ನು ಅವನು ಬೆಳೆಸದೆ ಹೇಳಿದ. ಹಾಗೆ ಹೇಳಿ ರೂಢಿ ಇಲ್ಲದ್ದರಿಂದ ನಡುನಡುವೆ ನಿಂತ.

"ಸಾವ್ಕಾರ ನನ್ನ ಗೇಟಿನ ಕಡೆ ಕರದ. ಮೆತ್ತಗ ಅಂದ. 'ಏಳು ಕಿಲೋ ಹೆಚ್ಚು ಬಂದೈತಿ ಕನಕಪ್ಪ. ಒಂದು ನೀ ತಿಂದಿರಬೇಕು, ಇಲ್ಲಾ ನನ್ನ ಕಾಟಾ ಸುಳ್ಳಿರಬೇಕು. ಯಾವುದು ಅಂತ ನೀನ ಹೇಳು. ರೈತರಿಗೆ ಕೇಳಂಗ ಹೇಳು' ಅಂದ. ಅವನಿಗೆ ಗೊತ್ತಿತ್ತೋ, ಎಲ್ಲಾ ಗೊತ್ತಿತ್ತು. ಗಾಳೆಮ್ಮ ಅಲ್ಲೇ ಭತ್ತ ಗುಡಸಾಕತ್ತಿದ್ಲು. ಕಸಬರಿಗಿ ನಿಲ್ಲಿಸಿ ನೋಡಿದ್ಲು. ನಾ ಅಂದೆ, ತಿಂದೀನ್ರಿ ಧಣಿ. ಜೋರಾಗಿ ಅಂದೆ. ಗಂಟು ಕಟ್ಟು ಅನ್ನಲಿಲ್ಲ ಅವ. 'ಖರೆ ಹೇಳಿದಿ, ಇರು' ಅಂದ. ಈಗೂ ಅದ ಕಾಟಾದ ಮ್ಯಾಲ ಮೇವು ತೂಗಿ ಕೊಡತಾರ. ನಾ ಎತ್ತಿ ಹಾಕತೀನಿ."

"ಮತ್ತ ಆ ಬಕೀಟು?"

"ಗೋವಿಂದರಾಜ ತಂದ. ನೆನಸಿದ ಗುಳಿಗಿ. ತಿಂದವನಾದ್ರ ತಿಂದು ತೋರಸು ಅಂದ."

ಖಾಜಾಬೀ ಒಲೆಯ ಉರಿ ಸಣ್ಣದು ಮಾಡಿದಳು. ಯಾರೋ ಒಬ್ಬ ಕೆಟ್ಟ ಬೈಗುಳ ಬೈದು ಉಗುಳಿದ. ಯಂಕೇಶ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡ.

"ಏಳು ಕಾಕಾ. ಟ್ರ್ಯಾಕ್ಟರು ಹತ್ತು. ಈಗ ಹೋಗೋಣು. ನನ್ನ ಭತ್ತಕ್ಕಿಂತ ಮೊದಲ ನೀ ನಿಲ್ಲು ಆ ಕಾಟಾದ ಮ್ಯಾಲ, ಆಮ್ಯಾಲ ಇನ್ನೊಂದರ ಮ್ಯಾಲ. ಇಷ್ಟೂ ಮಂದಿ ಬರತೀವಿ. ಇಪ್ಪತ್ತೊಂದು ಸಲ ಬ್ಯಾಡ. ಒಂದ ಸಲ."

ಬೆಂಚಿನಿಂದ ಒಬ್ಬೊಬ್ಬರಾಗಿ ನಾಲ್ಕು ಮಂದಿ ಎದ್ದರು. ಕನಕಪ್ಪ ಏಳಲಿಲ್ಲ.

"ಸಾವ್ಕಾರ ಕೇಳತಾನ. ನೀ ತಿಂದಿಯೋ ಇಲ್ಲೋ ಅಂತ ಎಲ್ಲಾರ ಮುಂದ ಕೇಳತಾನ."

"ತಿಂದಿಲ್ಲ ಅನ್ನು. ಒತ್ತಾಯ ಮಾಡಿ ತಿನಿಸಿದ್ರು ಅನ್ನು. ಅದ ಖರೆ ಐತೆಲ್ಲ."

ಕನಕಪ್ಪ ತನ್ನ ಎರಡೂ ಅಂಗೈ ತೊಡೆಯ ಮೇಲಿಟ್ಟುಕೊಂಡು ನೋಡಿದ. ಅವನ ಮುಖದಲ್ಲಿ ಸುಳ್ಳು ಹುಡುಕುವವನ ಚುರುಕು ಒಂದು ಕ್ಷಣ ಬಂದು, ಏನೂ ಸಿಗದೆ ಹೋಯಿತು.

"ಒಂದು ಹಿಡಿ ತಿಂದೆ. ಅವರು ನಕ್ಕರು. ನಕ್ಕು ಒಳಗ ಹ್ವಾದ್ರು. ಬಕೀಟು ಅಲ್ಲೇ ಬಿಟ್ಟು ಹ್ವಾದ್ರು. ಅದು ಬಾದಲ್ ಪಾಲು, ನಾ ಒಯ್ದು ಅದರ ಮುಂದ ಇಡಬೇಕಿತ್ತು. ಹಸಿವಾಗಿತ್ತೋ ಯಂಕೇಶ. ರುಚಿನೂ ಇತ್ತು. ಎರಡನೇ ಹಿಡಿ ತಿನ್ನು ಅಂತ ನನಗ ಯಾರೂ ಹೇಳಿದ್ದಿಲ್ಲ."