ಸುಜುಹೊಳ ನೆರಳಿನ ಬಣ್ಣ

"ಮನುಷ್ಯರ ಮೈಮೇಲಿನ ನೆರಳು ಯಾವ ಬಣ್ಣ ಹಾಗಾದ್ರೆ?"

ಉತ್ಸುಗಿ ಸಾನ್ ಕೇಳಿದ್ದು ಯಾರನ್ನೂ ಅಲ್ಲ. ಎದುರಿನ ಕಂಪ್ಯೂಟರನ್ನೂ ಅಲ್ಲ, ಏಕೆಂದರೆ ಕನ್ನಡಕ ಅವರ ಹಣೆಯ ಮೇಲಿತ್ತು.

ತೋಫು ಅಂಗಡಿಯ ಮಹಡಿಯ ಮೇಲಿರುವ ನಮ್ಮ ಬಣ್ಣದ ವಿಭಾಗದಲ್ಲಿ ಮೂವರೇ ಹೆಂಗಸರು. ಮೂವತ್ತನಾಲ್ಕು ವರ್ಷಗಳಿಂದ ಅನಿಮೇಷನ್ ಚಿತ್ರಗಳ ಬಣ್ಣ ನಿರ್ಧರಿಸುತ್ತಿರುವವರು ಉತ್ಸುಗಿ ಸಾನ್. ಅವರು ಹೇಳಿದ ಬಣ್ಣ ತುಂಬುವವರು ನಾನು ಮತ್ತು ಆರು ತಿಂಗಳ ಹಿಂದೆ ಸೇರಿದ ತ್ಸುರುತಾ. ಪ್ರತಿ ಪಾತ್ರಕ್ಕೂ ಒಂದು ಬಣ್ಣದ ಹಾಳೆ; ಹಾಳೆಯ ಮೂಲೆಯಲ್ಲಿ ಉತ್ಸುಗಿ ಸಾನರ ಕೆಂಪು ಮೊಹರು. ಮೊಹರು ಬೀಳದ ಹಾಳೆ ಮೆಟ್ಟಿಲಿಳಿಯುವುದಿಲ್ಲ.

ಹೊಸ ಸರಣಿ ರಿಲೇ ಓಡುವ ಐದು ಹುಡುಗಿಯರದು. ನಾಲ್ವರ ಬಣ್ಣ ಒಂದೇ ಬೆಳಿಗ್ಗೆ ಮುಗಿದಿತ್ತು. ಒಬ್ಬಳಿಗೆ ಹಸಿರು ಕೂದಲು, ಇನ್ನೊಬ್ಬಳಿಗೆ ನೇರಳೆ. ಯಾವ ಜಿಲ್ಲೆಯಲ್ಲಿ ಹೀಗೆ ಹುಟ್ಟುತ್ತಾರೆಂದು ಯಾರೂ ಕೇಳಲಿಲ್ಲ. ನಾಲ್ವರಿಗೂ ಮೈಬಣ್ಣ ಒಂದೇ. ಕುಂಚದಿಂದ ಬಳಿಯುತ್ತಿದ್ದ ಕಾಲದ ಸೀಸೆಗಳು ಇನ್ನೂ ಕಪಾಟಿನಲ್ಲಿವೆ: ಒಂದರ ಚೀಟಿಯಲ್ಲಿ "ಚರ್ಮ", ಪಕ್ಕದ್ದರಲ್ಲಿ "ಚರ್ಮದ ನೆರಳು". ಅಷ್ಟೇ. ಯಾರ ಚರ್ಮ ಎಂಬ ಪ್ರಶ್ನೆಯೇ ಇಲ್ಲ.

ಐದನೆಯವಳು ಸುಜುಹೊ. ಅಪ್ಪ ಘಾನಾದವನು, ಅಮ್ಮ ಇಲ್ಲೇ ಕವಾಗೊಎ ಊರಿನವಳು. ಉತ್ಸುಗಿ ಸಾನ್ ಕಂದು ಬಣ್ಣ ಆರಿಸಿ, ಕೈಗೆ ಬಂದ ರೂಢಿಯಂತೆ ನೆರಳಿಗೆ ಒಂದಿಷ್ಟು ಬೂದಿಬಣ್ಣ ಬೆರೆಸಿದ್ದರು.

ತ್ಸುರುತಾ ಬಂದು ಇಣುಕಿದಳು. ಅವಳ ಅಪ್ಪನೂ ಘಾನಾದವರೇ.

"ಅಯ್ಯೋ, ಇವಳಿಗೆ ಜ್ವರಾನಾ?"

"ಯಾಕೆ?"

"ಮೂರು ದಿನ ಊಟ ಬಿಟ್ಟವಳ ಹಾಗಿದ್ದಾಳಲ್ಲ, ಉತ್ಸುಗಿ ಸಾನ್! ಓಡೋದು ಆಮೇಲಿರ್ಲಿ, ಮೊದ್ಲು ಆಸ್ಪತ್ರೆಗೆ ಸೇರ್ಸಿ."

ಉತ್ಸುಗಿ ಸಾನ್ ಕನ್ನಡಕ ಇಳಿಸಿ ಪರದೆ ನೋಡಿದರು, ತ್ಸುರುತಾಳ ಮುಖ ನೋಡಿದರು, ಮತ್ತೆ ಪರದೆ ನೋಡಿದರು.

"ಹೌದಲ್ಲೇ," ಎಂದರು. "ನಿನ್ನ ಕೈ ಒಂಚೂರು ಸಾಲ ಕೊಡ್ತೀಯಾ?"

ಆ ವಾರವೆಲ್ಲ ಬೆಳಿಗ್ಗೆ ಹತ್ತಕ್ಕೆ ತ್ಸುರುತಾ ಅಂಗಿಯ ತೋಳು ಮಡಚಿ ಕಿಟಕಿಯ ಕಟ್ಟೆಯ ಮೇಲೆ ಕೈ ಚಾಚುತ್ತಿದ್ದಳು, ಇನ್ನೊಂದು ಕೈಯಲ್ಲಿ ಚಹಾ. ಉತ್ಸುಗಿ ಸಾನ್ ಬಗ್ಗಿ ನೋಡಿ, ಬಣ್ಣ ಕೂಡಿಸಿ, ಮತ್ತೆ ಬಗ್ಗಿ ನೋಡುತ್ತಿದ್ದರು. ನಮ್ಮಜ್ಜಿ ದಿನಾ ಬುದ್ಧನ ಮುಂದೆ ಯಾತ್ರೆಯ ಪದ ಹೇಳುವಾಗ ಸಾಲಿಗೊಮ್ಮೆ ಗಂಟೆ ಬಾರಿಸಿ, ಅದರ ನಾದ ಪೂರ್ತಿ ಆರುವ ತನಕ ಮುಂದಿನ ಸಾಲು ಎತ್ತುತ್ತಿರಲಿಲ್ಲ. ಕೋಣೆಯಲ್ಲಿ ಅದೇ ಮೌನ.

"ಬೂದಿ ಎಲ್ಲೂ ಇಲ್ವಲ್ಲೇ!" ಎಂದರು ನಾಲ್ಕನೆಯ ದಿನ. "ಕೆಂಪು! ಅಜುಕಿ ಕಾಳು ಬೇಯಿಸಿದ ನೀರಿನ ಕೆಂಪು. ನಾನು ಇಷ್ಟು ವರ್ಷ ಕಂದು ಮೈಯ ಕಡಲ್ಗಳ್ಳರಿಗೆ, ಕಾವಲಿನವರಿಗೆಲ್ಲ ಬೂದಿ ಬಳಿದೆ ನೋಡು."

"ಅದಕ್ಕೇ ಅವ್ರೆಲ್ಲ ಮೊದಲನೇ ಕಂತಲ್ಲೇ ಸಾಯ್ತಿದ್ರು," ಎಂದಳು ತ್ಸುರುತಾ. ಆಮೇಲೆ ಚಹಾ ಹೀರುತ್ತಾ, "ಶಿಶುವಿಹಾರದಲ್ಲಿ ನಂಗೆ ಸಿಕ್ಕಿದ್ದು ಅಕ್ಕನ ಹಳೇ ಬಣ್ಣದ ಬಳಪದ ಡಬ್ಬಿ. ಒಂದು ತಿಳಿ ಬಳಪದ ಮೇಲೆ 'ಮೈಬಣ್ಣ' ಅಂತ ಬರೆದಿತ್ತು. ನನ್ನ ಮುಖದ ಚಿತ್ರಕ್ಕೆ ಅದನ್ನೇ ಬಳಿದೆ. ಟೀಚರು ಎಷ್ಟು ಚೆಂದ ಅಂತ ಗೋಡೆಗೆ ಅಂಟಿಸಿದ್ರು," ಎಂದು ನಕ್ಕಳು. ನಾವಿಬ್ಬರೂ ನಗಲಿಲ್ಲ.

ಐದನೆಯ ದಿನ ಸುಜುಹೊ ಪರದೆಯ ಮೇಲೆ ಬಿಸಿಲಲ್ಲಿ ನಿಂತಿದ್ದಳು, ಈಗಷ್ಟೇ ಓಡಿ ಬಂದವಳ ಹಾಗೆ. ತ್ಸುರುತಾ ಫೋನು ತೆಗೆದು ಅಮ್ಮನಿಗೆ ತೋರಿಸಲು ಒಂದು ಫೋಟೋ ಹೊಡೆಯಬಹುದಾ ಎಂದು ಕೇಳಿದಳು. ಹೊರಗೆ ತೋರಿಸುವಂತಿಲ್ಲ, ಪೋಸ್ಟರ್ ಬರುವ ತನಕ ತಡೆದುಕೋ ಎಂದರು ಉತ್ಸುಗಿ ಸಾನ್.

ಮುಂದಿನ ಶುಕ್ರವಾರ ನಿರ್ಮಾಪಕ ನಿಶಿವಾಕಿ ಸಾನ್ ಕ್ರೀಮ್ ಬನ್ನಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದರು. ಅವರು ಸಿಹಿ ತಂದರೆಂದರೆ ಹಿಂದೆಯೇ ಒಂದು ಕಹಿ ಇರುತ್ತದೆ. ಡಬ್ಬಿಯ ಕೆಳಗೆ ಸುಜುಹೊಳದೇ ಇನ್ನೊಂದು ಹಾಳೆಯಿತ್ತು, ಪ್ರಚಾರದವರು ತಿದ್ದಿದ್ದು. ಮೈಬಣ್ಣ ಎರಡು ಛಾಯೆ ತಿಳಿಯಾಗಿತ್ತು.

"ಪೋಸ್ಟರಿಗೆ ಮಾತ್ರ, ಉತ್ಸುಗಿ ಸಾನ್. ಗುಂಪಲ್ಲಿ ಇವಳೊಬ್ಬಳು ಕಾಣ್ದೇ ಹೋಗ್ತಾಳೆ ಅಂತಾರೆ. ನಮ್ಮಜ್ಜಿನೂ ಹೇಳೋರು, ಬಿಳಿ ಮೈ ಏಳು ಐಬು ಮುಚ್ಚುತ್ತೆ ಅಂತ."

ನಮ್ಮಜ್ಜಿಯೂ ಹೇಳುತ್ತಿದ್ದರು, ಬುದ್ಧನ ಮುಂದೆ ಪದ ಹೇಳುವ ಅದೇ ಬಾಯಲ್ಲಿ.

"ಹಾಗಾದ್ರೆ ಸುಜುಹೊಗೆ ಐಬೇ ಇಲ್ಲ ಬಿಡಿ, ಮುಚ್ಚೋಕೆ," ಎಂದಳು ತ್ಸುರುತಾ.

ನಿಶಿವಾಕಿ ಸಾನ್ ನಕ್ಕರು. ಕೋಣೆಯಲ್ಲಿ ಯಾರಿದ್ದಾರೆಂದು ಅವರಿಗೆ ಆಗಷ್ಟೇ ಹೊಳೆದಿರಬೇಕು. ಕಣ್ಣು ಡಬ್ಬಿಯ ಮೇಲೇ ಉಳಿಯಿತು. "ನಾಲ್ಕಕ್ಕೆ ಮುದ್ರಣಕ್ಕೆ ಹೋಗ್ಬೇಕು. ನಿಮ್ಮ ಮೊಹರೊಂದು ಬಿದ್ರೆ ಸಾಕು. ದಯವಿಟ್ಟು."

ಇಂಥ ಹೊತ್ತಿನಲ್ಲಿ ನಾವು ಹಲ್ಲಿನ ಸಂದಿಯಿಂದ ಉಸಿರೆಳೆದು "ಅದು ಸ್ವಲ್ಪ..." ಎಂದು ಮಾತು ತೂಗುಬಿಡುತ್ತೇವೆ, ಕೇಳಿದವರು ಅರ್ಥಮಾಡಿಕೊಂಡು ತಲೆಬಾಗಿ ಹೋಗುತ್ತಾರೆ. ಉತ್ಸುಗಿ ಸಾನ್ ಅಷ್ಟನ್ನೂ ಮಾಡಿದವರಲ್ಲ. ಮೂವತ್ತನಾಲ್ಕು ವರ್ಷ ಅವರ ಬಾಯಲ್ಲಿ ನಿರ್ಮಾಪಕರು ಕೇಳಿದ್ದು "ಆಯ್ತು, ಆಯ್ತು" ಮಾತ್ರ.

ಈಗಲೂ ಖಾನೆಯಿಂದ ಮೊಹರು ತೆಗೆದರು. ಮುಚ್ಚಳ ಬಿಚ್ಚಿದರು. ನಿಶಿವಾಕಿ ಸಾನ್ ಆಗಲೇ ಧನ್ಯವಾದಕ್ಕೆ ಸೊಂಟ ಬಗ್ಗಿಸಿದ್ದರು. ತ್ಸುರುತಾ ತನ್ನ ಮೇಜಿನ ಕಡೆ ತಿರುಗಿ, ಮಡಚಿದ್ದ ಅಂಗಿಯ ತೋಳನ್ನು ಮೆಲ್ಲಗೆ ಮಣಿಕಟ್ಟಿನ ತನಕ ಇಳಿಸಿಕೊಂಡಳು.

ಉತ್ಸುಗಿ ಸಾನ್ ಆ ತೋಳನ್ನು ನೋಡಿದರು. ಟಕ್ಕೆಂದು ಮುಚ್ಚಳ ಹಾಕಿ ಮೊಹರನ್ನು ಏಪ್ರನ್ನಿನ ಜೇಬಿಗಿಳಿಸಿದರು.

"ಇಲ್ಲ," ಎಂದರು. "ಒತ್ತಲ್ಲ."