ಗೂಡಿನ ಅಳತೆ

"ಫ್ಯಾನ್ ಇರೋ ರೌಟರ್ ಬೇಡ ಕಣೋ. ದೇವರ ಮನೇಲಿ ಅದು ಗುಂಯ್ ಅಂತ ಕೂತ್ರೆ ನಮ್ಮತ್ತೆ ಅದರ ಜೊತೆಗೆ ನನ್ನೂ ಬೀದಿಗೆ ಹಾಕ್ತಾರೆ," ಎಂದು ಶಿವರಂಜಿನಿ ಫೋನಿನಲ್ಲಿ ಹೇಳಿ ನಕ್ಕಳು.

ಕೈಲಾಸ್ ಕಾಫಿ ಲೋಟವನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಹೆಂಡತಿಯ ನಗು ಮುಗಿಯಲೆಂದು ಕಾದ. ಅದು ಬೇಗ ಮುಗಿಯಲಿಲ್ಲ. ಆ ಕಡೆಯಿಂದ ಅವಳ ಆಫೀಸಿನ ರವಿಕುಮಾರ್ ಏನೋ ಅಂದ, ಇವಳು "ಹೋಗೋ, ಸಾಕು" ಅಂದಳು, ಮತ್ತೆ ನಕ್ಕಳು. ಮದುವೆಯಾಗಿ ಇಷ್ಟು ವರ್ಷವಾದರೂ ಕೈಲಾಸನಿಗೆ ಅವಳು ಹೋಗೋ ಅಂದವಳಲ್ಲ. ಅವನಿಗೆ ಸಿಗುತ್ತಿದ್ದುದು ರೀ, ಬನ್ನಿ, ಊಟಕ್ಕೆ ಏಳಿ. ಅದನ್ನು ಗೌರವವೆಂದು ತಿಳಿದು ಸುಖವಾಗಿದ್ದ. ಈಚೆಗೆ ಅದು, ತಾನು ಅಂಗಡಿಯಲ್ಲಿ ಹೊಸ ಗಿರಾಕಿಗೆ ತೋರಿಸುವ ಮರ್ಯಾದೆಯ ಹಾಗೆ ಕೇಳಿಸತೊಡಗಿತ್ತು.

"ಏನಂತೆ?" ಎಂದ, ಅವಳು ಫೋನಿಟ್ಟ ಮೇಲೆ.

"ಏನಿಲ್ಲ ರೀ, ರೌಟರ್ ವಿಷಯ. ಹೇಳಿದ್ರೆ ನಿಮಗೆ ಬೋರಾಗುತ್ತೆ."

"ಹೇಳು, ನೋಡೋಣ."

ಅವಳು ಹೇಳಿದಳು. ಶಂಕರಪುರದ ಆ ಮನೆ ಕೈಲಾಸನ ತಾತ ಕಟ್ಟಿಸಿದ್ದು, ಗೋಡೆಗಳು ಮೊಳ ದಪ್ಪ. ವೈಫೈ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ಸುಸ್ತಾಗಿ ಕೂರುತ್ತಿತ್ತು. ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡುವ ಅವಳಿಗೆ ಇನ್ನು ಗಾಳಿಯನ್ನು ನಂಬುವ ಮನಸ್ಸಿರಲಿಲ್ಲ. ಕೋಣೆಕೋಣೆಗೂ ಕೇಬಲ್ ಎಳೆಯಬೇಕು. ತನ್ನ ಆಫೀಸಿನ ಯಂತ್ರಗಳಿಗೆ ಒಂದು ದಾರಿ, ಮನೆಯವರ ಫೋನು ಟೀವಿಗಳಿಗೆ ಒಂದು, ಬಾಗಿಲ ಕ್ಯಾಮೆರಾಗಳಿಗೆ ಇನ್ನೊಂದು. ಒಂದು ಇನ್ನೊಂದರೊಳಗೆ ಇಣುಕಬಾರದು. ಇಷ್ಟನ್ನೂ ನಡೆಸುವ ರೌಟರ್ ಮಾತ್ರ ಅಂಗೈಯಷ್ಟೇ ಇರಬೇಕು. ಯಾಕೆಂದರೆ ಫೈಬರ್ ತಂತಿ ಬೀದಿಯಿಂದ ಒಳಗೆ ಬರುವುದು ದೇವರ ಮನೆಯ ಗೋಡೆ ತೂರಿ. ಮಹಡಿಗೆ ಹೋಗುವ ಹಳೆಯ ಪೈಪು ಶುರುವಾಗುವುದೂ ಅಲ್ಲೇ, ಹಿಂದೆ ಎಣ್ಣೆದೀಪ ಇಡುತ್ತಿದ್ದ ಗೂಡಿನಲ್ಲಿ. ಅಲ್ಲಿ ಕೂರುವಂಥದ್ದು ಬೇಕು.

"ವೈಫೈ ಇಲ್ಲದ ರೌಟರ್ರಾ?"

"ಬರೀ ತಂತೀದು. ಆಂಟೆನಾನೇ ಇರಲ್ಲ. ಲೋಹದ ಡಬ್ಬಿ, ಬಿಸಿಯಾದ್ರೂ ತಾನೇ ಆರಿಸ್ಕೊಳ್ಳುತ್ತೆ. ಎರಡು ನೋಡಿದೀವಿ. ಒಂದಕ್ಕೆ ಫೈಬರ್ ನೇರವಾಗಿ ಸಿಕ್ಕಿಸೋ ಕಿಂಡಿ ಇದೆ, ಆದ್ರೆ ಗೂಡಿಗಿಂತ ಉದ್ದ. ಇನ್ನೊಂದು ಗೂಡಲ್ಲಿ ಕೂರುತ್ತೆ, ಆ ಕಿಂಡಿ ಇಲ್ಲ. ರವಿ ಇನ್ನೂ ಹುಡುಕ್ತಿದಾನೆ."

ಆ 'ನೋಡಿದೀವಿ'ಯೊಳಗೆ ತಾನಿಲ್ಲ ಎಂದುಕೊಂಡು ಕೈಲಾಸ್ ಲೋಟ ತೊಳೆಯಲು ಎದ್ದ.

ಅಕ್ಕಿಪೇಟೆಯಲ್ಲಿ ಅವನದು ಹಗ್ಗ ಮತ್ತು ಟಾರ್ಪಾಲಿನ ಅಂಗಡಿ, ಅಪ್ಪ ಪರಮಶಿವಯ್ಯನವರ ಕಾಲದ್ದು. ಹಗ್ಗವನ್ನು ಬೆರಳಲ್ಲಿ ಉಜ್ಜಿ ಅದು ಎಷ್ಟು ಭಾರ ತಡೆಯುತ್ತದೆಂದು ಹೇಳಬಲ್ಲ. ಪೇಟೆಯಲ್ಲಿ ನಾಲ್ಕು ಜನ ಅವನ ಮಾತು ಕೇಳುತ್ತಾರೆ. ಹೆಂಡತಿ ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದ, ಆದರೆ ಅಷ್ಟು ಹೊತ್ತೂ ಕಿವಿಯಲ್ಲಿ ಉಳಿದಿದ್ದುದು ರವಿ ಎಂಬ ಹೆಸರೊಂದೇ. ಮಾರನೆಯ ದಿನ ಅಂಗಡಿಯನ್ನು ಬೇಗ ಮುಚ್ಚಿ ಎಸ್.ಪಿ. ರಸ್ತೆಗೆ ಹೋದ. ಅಲ್ಲಿ ಪರಿಚಯದ ನಾಗಭೂಷಣ್ ಒಂದು ದೊಡ್ಡ ಡಬ್ಬ ಬಿಚ್ಚಿ ತೋರಿಸಿದ.

"ಮನೆಗೆ ಭಾರೀ ನೆಟ್‌ವರ್ಕ್ ಅಂದ್ರೆ ಇದೇ ಗುರು. ಆರು ಆಂಟೆನಾ. ಮೂರು ಮಹಡಿ ಹೊಡೆಯುತ್ತೆ."

"ಗೂಡಲ್ಲಿ ಇಡಬೇಕು. ಹಿಡಿಯುತ್ತಾ?"

"ಕೊಂಬು ಮಡಿಚಿದ್ರೆ ಎಲ್ಲಿ ಬೇಕಾದ್ರೂ ಹಿಡಿಯುತ್ತೆ ತಗೋ."

ಅಂಗೈಯಷ್ಟಿರಬೇಕೆಂಬುದು ಅವನಿಗೆ ನೆನಪಿತ್ತು. ಆದರೆ ಅಂಗೈಯಷ್ಟಿರುವ ಡಬ್ಬಿಯನ್ನು ರವಿಕುಮಾರ್ ತರುತ್ತಾನೆ. ತಾನು ತಂದದ್ದು ಅದಕ್ಕಿಂತ ದೊಡ್ಡದಿರಬೇಡವೇ. ಈ ಲೆಕ್ಕವನ್ನು ಅವನು ಬಾಯಿಬಿಟ್ಟು ತನಗೇ ಹೇಳಿಕೊಳ್ಳಲಿಲ್ಲ. ಸ್ಕೂಟರಿನ ಮುಂದೆ ಡಬ್ಬ ಇಟ್ಟುಕೊಂಡು, ಕಾಲು ಅಗಲಿಸಿ, ಮಿನರ್ವ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ನಿಂತು ಮನೆಗೆ ಬಂದ.

ಶಿವರಂಜಿನಿ ಡಬ್ಬ ತೆರೆದು ಆಂಟೆನಾಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ರೀ, ಇದು ಪೂರ್ತಿ ವೈಫೈದು," ಎಂದಳು ಮೆತ್ತಗೆ, ಮಗುವಿಗೆ ಹೇಳುವ ಹಾಗೆ. ಆ ಮೆತ್ತಗಿನ ದನಿ ಅವನಿಗೆ ಚುಚ್ಚಿತು. ಗೂಡಿನಲ್ಲಿಟ್ಟು ನೋಡಿದರು. ಕೊಂಬು ಮಡಿಚಿದರೂ ಅರ್ಧ ಡಬ್ಬಿ ಹೊರಗೆ ನಿಂತು ನಂದಿಯ ವಿಗ್ರಹದ ಮೇಲೆ ಚಾವಣಿಯಾಯಿತು. ಅಷ್ಟರಲ್ಲಿ ರವಿಕುಮಾರನ ಕರೆ ಬಂತು. ಅವಳು ಕ್ಯಾಮೆರಾ ತಿರುಗಿಸಿ ತೋರಿಸಿದಳು. ಅವನು ನಗುತ್ತಾನೆಂದು ಕೈಲಾಸ್ ಹಲ್ಲು ಕಚ್ಚಿ ನಿಂತ.

"ಒಳ್ಳೇದೇ ತಂದಿದೀರ ಸಾರ್," ಎಂದ ರವಿಕುಮಾರ್. "ಮಹಡಿ ಮೇಲೆ ಫೋನುಗಳಿಗೆ ಹೇಗೂ ವೈಫೈ ಬೇಕು. ತಂತಿ ಅಲ್ಲಿಗೆ ಬಂದ ಮೇಲೆ ಇದನ್ನ ಅದರ ತುದಿಗೆ ಹಾಕೋಣ. ವೇಸ್ಟ್ ಆಗಲ್ಲ."

ನಕ್ಕಿದ್ದರೆ ವಾಸಿಯಿತ್ತು. ನಕ್ಕವನ ಮೇಲೆ ಸಿಟ್ಟು ಮಾಡಬಹುದು. ಹೆಂಡತಿಯ ಮುಂದೆ ತನ್ನ ಮರ್ಯಾದೆ ಉಳಿಸಿಕೊಟ್ಟವನ ಮೇಲೆ ಏನು ಮಾಡುವುದು?

ರವಿಕುಮಾರ್ ಈ ಮನೆಗೆ ಹೊಸಬನಲ್ಲ. ಮೊದಲ ಸಲ ವೈಯಾಲಿಕಾವಲಿನಿಂದ ಬಂದು ಹಾಲಿನಲ್ಲಿ ಕೂತಾಗ ಕೈಲಾಸನ ತಾಯಿ ಶೈಲಜಮ್ಮ ರೂಢಿಯಂತೆ, "ನೀವು ಯಾವ ಪೈಕಿ ಅಪ್ಪಾ?" ಎಂದು ಕೇಳಿದ್ದರು. ಈ ಪ್ರಶ್ನೆಯಿಲ್ಲದೆ ಶಂಕರಪುರದಲ್ಲಿ ಯಾರಿಗೂ ಎರಡನೇ ಲೋಟ ಕಾಫಿ ಸಿಕ್ಕಿದ್ದಿಲ್ಲ. ಅವನು ಲೋಟ ಕೆಳಗಿಡದೆ, "ನಾವು ದಲಿತರು ಅಮ್ಮ. ನಮ್ಮಪ್ಪ ದಾಸಪ್ಪ ಅಂತ, ಕಾರ್ಪೊರೇಷನ್ನಲ್ಲಿದ್ರು," ಎಂದಿದ್ದ. ಶೈಲಜಮ್ಮ ಒಂದು ಗಳಿಗೆ ಅವನ ಮುಖ ನೋಡಿ, "ಇನ್ನೆರಡು ಇಡ್ಲಿ ಹಾಕ್ಲಾ?" ಎಂದಿದ್ದರು. ಆ ಎರಡು ಇಡ್ಲಿಗಳನ್ನು ಕೈಲಾಸ್ ಪೇಟೆಯಲ್ಲೆಲ್ಲ ಹಂಚಿದ್ದ. ನಮ್ಮನೇಲಿ ಅದೆಲ್ಲ ಇಲ್ಲಪ್ಪ, ನಾವು ಆವತ್ತೇ ಬಿಟ್ಟೋರು, ಎಂದು ಎದೆಯುಬ್ಬಿಸಿ ಹೇಳಿಕೊಂಡಿದ್ದ. ಅವನ ಲಿಂಗದ ಬೆಳ್ಳಿ ಕರಡಿಗೆ ಮದುವೆಯ ಮಾರನೇ ವಾರದಿಂದ ದೇವರ ಮನೆಯ ಮೊಳೆಗೆ ನೇತುಬಿದ್ದು ಕಪ್ಪಾಗಿತ್ತು. ಅದನ್ನೂ ತನ್ನ ಉದಾರತೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದ.

ಭಾನುವಾರ ರವಿಕುಮಾರ್ ಬಂದಾಗ ಅವನ ಜೇಬಿನಲ್ಲೇ ರೌಟರ್ ಇತ್ತು. ಕಪ್ಪು ಲೋಹದ್ದು, ಸಾಬೂನಿನ ಪೆಟ್ಟಿಗೆಗಿಂತ ಒಂಚೂರು ದೊಡ್ಡದು. ಫೈಬರಿಗೆ ಒಂದು ಕಿಂಡಿ, ತಂತಿಗಳಿಗೆ ಐದು. ಶಿವರಂಜಿನಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ತಾನು ಮೈಸೂರಿನಿಂದ ಸೀರೆ ತಂದಾಗಲೂ ಅವಳು ಇಷ್ಟು ಹೊತ್ತು ನೋಡಿರಲಿಲ್ಲ ಎಂದು ಕೈಲಾಸನಿಗೆ ಅನ್ನಿಸಿತು.

ಹಾಲಿನಲ್ಲಿ ಶೈಲಜಮ್ಮ ಅವರೆಕಾಳು ಹಿತುಕುತ್ತಿದ್ದರು. "ಊಟ ಮಾಡ್ಕೊಂಡೇ ಹೋಗ್ಬೇಕು ರವಿ. ಹಿತಕಬೇಳೆ ಸಾರು. ನನ್ನ ಸೀರಿಯಲ್ ಇನ್ಮೇಲೆ ನಿಂತ್ರೆ ಮಾತ್ರ ಹಾಕಿದ ಊಟ ವಾಪಸ್ ಕೇಳ್ತೀನಿ."

"ನಿಂತ್ರೆ ನಿಮ್ಮ ಸೊಸೇನ ಕೇಳಿ ಅಮ್ಮ. ನಾನು ಬರೀ ಕೂಲಿ."

ಕೇಬಲ್ ಎಳೆಯುವುದು ಕೈಲಾಸನಿಗೆ ಗೊತ್ತಿದ್ದ ಕೆಲಸಕ್ಕೆ ಹತ್ತಿರವಿತ್ತು. ಅಂಗಡಿಯಿಂದ ತೆಳ್ಳಗಿನ ನೈಲಾನ್ ಹುರಿ ತಂದಿದ್ದ. ಅದನ್ನು ಮಹಡಿಯಿಂದ ಪೈಪಿನೊಳಗೆ ಇಳಿಬಿಟ್ಟ. ಕೆಳಗೆ ಗೂಡಿನ ಹತ್ತಿರ ಕೂತ ರವಿಕುಮಾರ್ ಹುರಿಯ ತುದಿಗೆ ಕೇಬಲ್ಲುಗಳನ್ನು ಕಟ್ಟಿದ. ಇವನು ಮೇಲಿಂದ ಎಳೆಯಬೇಕು, ಅವನು ಕೆಳಗಿಂದ ತಳ್ಳಬೇಕು. ಶಿವರಂಜಿನಿ ಗೂಡಿಗೆ ಟಾರ್ಚ್ ಹಿಡಿದಿದ್ದಳು.

"ಗಂಟು ಸರಿಯಾಗಿದೆಯಾ?" ಎಂದು ಕೈಲಾಸ್ ಪೈಪಿಗೆ ಬಾಯಿಟ್ಟು ಕೂಗಿದ.

"ನೀವು ತೋರಿಸಿದ ಹಾಗೇ ಹಾಕಿದೀನಿ ಸಾರ್. ಎಳೀರಿ." ರವಿಕುಮಾರನ ದನಿ ಪೈಪಿನೊಳಗಿಂದ ಕಿವಿಗೇ ಬಂದು ಬಿತ್ತು. "ಎಳೆದಾದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ. ಇಲ್ಲಾಂದ್ರೆ ಜಿರಳೆಗಳಿಗೂ ನೆಟ್‌ವರ್ಕ್ ಸಿಗುತ್ತೆ."

ಕೈಲಾಸನಿಗೂ ನಗು ಬಂತು. ಹುರಿ ಅಂಗೈಯಲ್ಲಿ ಬಿಗಿಯಾಯಿತು, ಕೇಬಲ್ ಮೇಲಕ್ಕೆ ಬರತೊಡಗಿತು. ಕಾಣದ ಇನ್ನೊಂದು ಕೈ ಅದೇ ಲಯದಲ್ಲಿ ತಳ್ಳುತ್ತಿತ್ತು. ಸ್ವಲ್ಪ ಹೊತ್ತು ಅವನಿಗೆ ಯಾರ ಮೇಲೂ ಏನೂ ಇರಲಿಲ್ಲ. ಪೈಪಿನ ತಿರುವಿನಲ್ಲಿ ಕೇಬಲ್ ಸಿಕ್ಕಿಕೊಂಡಿತು. ಕೈ ನಿಂತಿತು. ಪೈಪು ಮಾತ್ರ ನಿಲ್ಲಲಿಲ್ಲ. ಅದು ಕೆಳಗಿನ ಮಾತುಗಳನ್ನು ಒಂದೂ ಬಿಡದೆ ಮೇಲಕ್ಕೆ ಸಾಗಿಸುತ್ತಿತ್ತು.

"ಪಾಪ ಕಣೋ, ಆರು ಕೊಂಬಿಂದು ಹೊತ್ಕೊಂಡು ಬಂದಿದ್ರು," ಎನ್ನುತ್ತಿದ್ದಳು ಶಿವರಂಜಿನಿ.

"ಸುಮ್ನಿರು. ನಿನಗೋಸ್ಕರ ತಂದಿರೋದು."

"ಅದಿರ್ಲಿ, ಇದರ ಎರಡನೇ ಪಾಸ್‌ವರ್ಡ್ ನಿನ್ನ ಹತ್ರಾನೇ ಇರ್ಲಿ. ನಾನಿಲ್ಲದಾಗ ಏನಾದ್ರೂ ಆದ್ರೆ ಇಲ್ಲಿ ಯಾರಿಗೂ ಗೊತ್ತಾಗಲ್ಲ."

ಇಲ್ಲಿ ಯಾರಿಗೂ. ಕೈಲಾಸ್ ಹುರಿಯನ್ನು ಕಿಟಕಿಯ ಸರಳಿಗೆ ಸುತ್ತಿ ಮೆಟ್ಟಿಲಿಳಿದ.

ದೇವರ ಮನೆಯ ಬಾಗಿಲಲ್ಲಿ ನಿಂತು ನೋಡಿದ. ರವಿಕುಮಾರ್ ಬರಿಗಾಲಲ್ಲಿ ಕುಕ್ಕರುಗಾಲು ಹಾಕಿ ಗೂಡಿನೊಳಗೆ ಕೈ ತೂರಿಸಿದ್ದ. ಕೇಬಲ್ಲಿನ ಸುರುಳಿ ಅವನ ಹೆಗಲ ಮೇಲಿತ್ತು. ಪಕ್ಕದಲ್ಲೇ ಶಿವರಂಜಿನಿ ಬಗ್ಗಿ ಟಾರ್ಚ್ ಹಿಡಿದಿದ್ದಳು. ಅವಳ ಜಡೆ ಅವನ ತೋಳಿಗೆ ತಾಗುತ್ತಿತ್ತೋ ಇಲ್ಲವೋ, ಇಬ್ಬರಿಗೂ ಅದರ ಗಮನವಿರಲಿಲ್ಲ. ಆ ಗಮನವಿಲ್ಲದಿರುವುದೇ ಅವನನ್ನು ಸುಟ್ಟಿತು.

ನನಗೆ ಹೊಟ್ಟೆಕಿಚ್ಚಾಗುತ್ತಿದೆ ಎನ್ನಲು ಅವನಿಗೆ ಬಾಯಿರಲಿಲ್ಲ. ಗಂಡಸಿಗೆ ಆ ಮಾತನ್ನು ಯಾರೂ ಕಲಿಸಿರಲಿಲ್ಲ. ಕಲಿಸಿಟ್ಟಿದ್ದ ಬೇರೆ ಮಾತೊಂದಿತ್ತು. ಇಂಥ ಮನೆಗಳಲ್ಲಿ ಅದು ಬಾಗಿಲ ಹಿಂದಿನ ದೊಣ್ಣೆಯ ಹಾಗೆ. ಯಾರೂ ಅದನ್ನು ಇಟ್ಟುಕೊಂಡಿದ್ದೇವೆ ಎನ್ನುವುದಿಲ್ಲ, ಬೇಕೆಂದಾಗ ಕೈ ತಾನೇ ಅಲ್ಲಿಗೆ ಹೋಗುತ್ತದೆ.

"ರವಿ, ನೀವು ಹೊರಗೆ ಬನ್ನಿ," ಎಂದ. "ಅದು ದೇವರ ಮನೆ."

ಟಾರ್ಚಿನ ಬೆಳಕು ಗೂಡಿನಿಂದ ಜಾರಿ ನೆಲಕ್ಕೆ ಬಿತ್ತು.

"ಏನಂದ್ರಿ?" ಎಂದಳು ಶಿವರಂಜಿನಿ.

"ತಪ್ಪೇನಂದೆ? ನೀನು ಮಾಡು, ನಾನು ಮಾಡ್ತೀನಿ. ಎಲ್ಲರೂ ಒಳಗೆ ಯಾಕೆ. ಅಮ್ಮನಿಗೂ ಬೇಜಾರಾಗುತ್ತೆ."

"ನನ್ನ ಹೆಸರು ಯಾಕಪ್ಪ ತರ್ತೀಯ?" ಹಾಲಿನಿಂದ ಶೈಲಜಮ್ಮನ ದನಿ ಬಂತು. "ಸುಣ್ಣ ಹೊಡೆಯೋನು ಬಂದಾಗ, ಫೈಬರ್‌ನೋನು ಬಂದಾಗ ನಾನು ಯಾವ ಪೈಕಿ ಅಂತ ಕೇಳಿದ್ನಾ? ನಿನಗೇನು ಬೇಜಾರಾಗಿದೆಯೋ ಅದನ್ನ ಹೇಳು."

ರವಿಕುಮಾರ್ ಎದ್ದು ನಿಂತ. ಅವನ ಹಣೆ ಮೊಳೆಯಲ್ಲಿದ್ದ ಕರಡಿಗೆಗೆ ತಾಗಿ ಅದು ಅತ್ತಿತ್ತ ತೂಗಿತು. ಅವನು ಅದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ, ಬಿಟ್ಟ.

"ಸಾರ್, ಈ ಮಾತು ನಾನು ಬೇರೆಯೋರ ಹತ್ರಾನೂ ಕೇಳಿದೀನಿ," ಎಂದ. ದನಿ ಏರಿರಲಿಲ್ಲ. "ಅವರು ನಂಬ್ಕೊಂಡು ಹೇಳಿದ್ರು. ಅವರ ಜೊತೆ ನಾನು ಜಗಳ ಆಡಿದೀನಿ. ನೀವು ನಂಬದೇನೇ ಹೇಳ್ತಿದೀರ. ನಿಮ್ಮ ಜೊತೆ ಏನು ಅಂತ ಜಗಳ ಆಡ್ಲಿ? ನನ್ನ ಮೇಲೆ ಸಿಟ್ಟಿದ್ರೆ ಸಿಟ್ಟು ಅನ್ನಿ, ಕೇಳಿಸ್ಕೊಂಡು ಹೋಗ್ತೀನಿ. ಇದನ್ನ ಯಾಕೆ ಎತ್ಕೊಂಡ್ರಿ?"

ಕೈಲಾಸ್ ಹಾಗಲ್ಲ ರವಿ, ಎನ್ನಬೇಕೆಂದಿದ್ದ. ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ರವಿಕುಮಾರ್ ಹೆಗಲ ಮೇಲಿನ ಸುರುಳಿಯನ್ನು ತೆಗೆದು ಅವನ ಕೈಗೆ ಕೊಟ್ಟ. "ತಿರುವಿನಲ್ಲಿ ಸಿಕ್ಕಿದೆ. ಒಂಚೂರು ಹಿಂದಕ್ಕೆ ಎಳೆದು ಆಮೇಲೆ ತಳ್ಳಿ, ಹೋಗುತ್ತೆ."

ಅವನು ಹಾಲು ದಾಟುವಾಗ ಶೈಲಜಮ್ಮ, "ಊಟ ಮಾಡ್ಕೊಂಡು ಹೋಗೋ," ಎಂದರು. "ಇವತ್ತು ಬೇಡ ಅಮ್ಮ," ಎಂದು ಅವನು ಚಪ್ಪಲಿ ಮೆಟ್ಟಿದ್ದು ಕೇಳಿಸಿತು. ಶಿವರಂಜಿನಿ ಅವನ ಹಿಂದೆಯೇ ಗೇಟಿನವರೆಗೆ ಹೋದಳು. ಅಲ್ಲಿ ಅವರು ಏನು ಮಾತಾಡಿದರೆಂದು ತಿಳಿಯಲು ಪೈಪಿರಲಿಲ್ಲ. ಬೈಕು ಹೊರಟಿತು. ಅವಳು ಒಳಗೆ ಬಂದು, ದೇವರ ಮನೆಯ ಬಾಗಿಲು ಬರೀ ಗೋಡೆಯೆಂಬಂತೆ ಅತ್ತ ನೋಡದೆ ಹಾದು, ಮೆಟ್ಟಿಲು ಹತ್ತಿದಳು.

ಕೈಲಾಸ್ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ನೆಲ ಅಲ್ಲಿ ಇನ್ನೂ ಬೆಚ್ಚಗಿತ್ತು. ಕೇಬಲ್ಲನ್ನು ಸ್ವಲ್ಪ ಹಿಂದಕ್ಕೆ ಎಳೆದು ತಳ್ಳಿದ. ತಿರುವು ಬಿಟ್ಟುಕೊಟ್ಟಿತು. ಮೇಲಿಂದ ಅವಳು ಎಳೆಯತೊಡಗಿದಳು. ಕೇಬಲ್ ಅವನ ಮುಷ್ಟಿಯೊಳಗಿಂದ ಸರಿದು ಗೋಡೆಯೊಳಗೆ ಹೋಗುತ್ತಿತ್ತು.

"ರಂಜಿ, ನಿಧಾನ," ಎಂದ ಪೈಪಿಗೆ.

ಎಳೆತ ನಿಧಾನವಾಗಲಿಲ್ಲ.

ತುದಿಗಳು ಮಾತ್ರ ಉಳಿದಾಗ ಅವನು ಅವನ್ನು ಕಿಂಡಿಗಳಿಗೆ ಸಿಕ್ಕಿಸಿ, ರೌಟರನ್ನು ಗೂಡಿನಲ್ಲಿಟ್ಟ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಸ್ವಿಚ್ ಹಾಕಿದ. ಕಾದ. ಮೊದಲ ಕಿಂಡಿಯ ಪಕ್ಕ ಸಾಸಿವೆಯಷ್ಟು ಹಸಿರು ದೀಪ ಹತ್ತಿತು. ಮೇಲೆ ಅವಳು ತನ್ನ ಕಂಪ್ಯೂಟರಿಗೆ ತಂತಿ ಸಿಕ್ಕಿಸಿರಬೇಕು.

"ಬಂತಾ?" ಎಂದರು ಶೈಲಜಮ್ಮ. ಅವನು ದೀಪವನ್ನೇ ನೋಡುತ್ತಿದ್ದ. ಅವರು ಎದ್ದು, ಹಿತುಕಿದ ಬೇಳೆಯ ಪಾತ್ರೆಯನ್ನು ಅಡಿಗೆಮನೆಗೆ ಒಯ್ದರು.

ಪೈಪಿನಲ್ಲಿ ಶಿವರಂಜಿನಿಯ ದನಿ ಬಂತು. ಫೋನಿನಲ್ಲಿ ಮಾತಾಡುತ್ತಿದ್ದಳು. "ರವಿ, ಬೈಕ್ ಪಕ್ಕಕ್ಕೆ ಹಾಕಿ ಒಂದು ನಿಮಿಷ ಕೇಳು," ಎಂದಳು. ನಗು ಇರಲಿಲ್ಲ. "ನಾನು ಈಗ ಹೇಳೋದು..."

ಕೈಲಾಸ್ ತಲೆಯನ್ನು ಗೂಡಿನೊಳಗೆ ತೂರಿಸಿ ಪೈಪಿಗೆ ಕಿವಿ ಹಚ್ಚಿದ. ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕುವ ಸರಸರ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಹಸಿರು ದೀಪ ಅವನ ಕಣ್ಣಿನ ಪಕ್ಕದಲ್ಲೇ ಮಿಣುಕುತ್ತಿತ್ತು, ಒಂದೇ ಸಮನೆ, ಬಿಡುವಿಲ್ಲದೆ.