ತುಟಿಗಿಂತ ತಡವಾಗಿ ಬಂದ ದನಿ

ಪರದೆಯ ಮೇಲೆ ಒಬ್ಬ ಹೆಂಗಸು ಬಾಯಿ ತೆರೆಯುತ್ತಿದ್ದಳು. ಹಾಡು ಮಾತ್ರ ಆಮೇಲೆ ಬರುತ್ತಿತ್ತು. ಅವಳು ತುಟಿ ಮುಚ್ಚಿದ ಮೇಲೂ ಸಾಲಿನ ಕೊನೆ ಕೋಣೆಯಲ್ಲಿ ಕೇಳುತ್ತಲೇ ಇರುತ್ತಿತ್ತು. ಜೊತೆಗೆ ಕಾದ ಎಣ್ಣೆಗೆ ನೀರು ಬಿದ್ದಂತೆ ಚರಚರ ಸದ್ದು. ನನ್ನ ಗಂಡನ ಮೊದಲ ಹೆಂಡತಿ ಸುಪ್ರಭೆಯನ್ನು ಅಷ್ಟು ದಿನ ಗೋಡೆಯ ಪಟದಲ್ಲಿ ಕಂಡಿದ್ದೆ. ಅವಳು ಅಲುಗಾಡುವುದನ್ನು ಕಂಡದ್ದು ಅದೇ ಮೊದಲು.

ಮಗಳು ಅನರ್ಘ್ಯ ಹುಟ್ಟಿದ ಕೆಲವೇ ವಾರಗಳಲ್ಲಿ ಸುಪ್ರಭೆ ಜ್ವರದಿಂದ ತೀರಿಕೊಂಡಿದ್ದಳು. ನಾನು ಆ ಮನೆಗೆ ಬಂದಾಗ ಮಗು ಇನ್ನೂ ತೊದಲುತ್ತಿತ್ತು. ಸಾಕಿ ಬೆಳೆಸಿದವಳು ನಾನಾದರೂ ಅವಳಿಗೆ ನಾನು ಚಿಕ್ಕಮ್ಮ. ಅವಳ ಅಜ್ಜಿ ಹಾಗೆ ಕಲಿಸಿದ್ದರು. ಅಮ್ಮ ಎಂಬ ಮಾತು ಆ ಮನೆಯಲ್ಲಿ ಪಟಕ್ಕೆ ಮೀಸಲಾಗಿತ್ತು.

ಅನರ್ಘ್ಯಳ ಸಂಗೀತಾಭ್ಯಾಸಕ್ಕೆಂದು ವೈರಿಲ್ಲದ ಎರಡು ಸ್ಪೀಕರುಗಳನ್ನು ತಂದುಕೊಟ್ಟವಳು ನಾನೇ. ಅವುಗಳಿಂದ ಸುಪ್ರಭೆಯ ದನಿ ಹೊರಡುತ್ತದೆಂದು ಎಣಿಸಿರಲಿಲ್ಲ. ಅದೇ ಹೊತ್ತಿಗೆ ಸುಪ್ರಭೆಯ ತಂಗಿ ಒಂದು ಹಳೆಯ ವಿಡಿಯೊ ಕ್ಯಾಸೆಟ್ಟನ್ನು ಹಾರ್ಡ್ ಡಿಸ್ಕಿಗೆ ಹಾಕಿಸಿ ಕಳಿಸಿದಳು. ಸೀಮಂತದ ದಿನ, ಹಸಿರು ಬಳೆ ತೊಟ್ಟ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಸುಪ್ರಭೆ ಹಾಡಿದ್ದ ಜೋಗುಳ ಅದರಲ್ಲಿತ್ತು.

"ಚಿಕ್ಕಮ್ಮ, ಅಮ್ಮನ ಬಾಯೇ ಒಂದ್ಕಡೆ, ದನೀನೇ ಒಂದ್ಕಡೆ. ಹೀಗಿದ್ರೆ ಹೇಗೆ ಕಲೀಲಿ? ನೀವೇ ಸರಿಮಾಡ್ಬೇಕು" ಎಂದಳು ಅನರ್ಘ್ಯ.

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು ನಾನು, ಬರುವುದಿಲ್ಲ ಎನ್ನುವಂತಿರಲಿಲ್ಲ. ಆದರೆ ನನ್ನನ್ನು ಸುಡುತ್ತಿದ್ದುದು ಬೇರೆ. ನನ್ನ ಗಂಡ ಧರಣೇಂದ್ರ ಅಂಗಡಿಯಿಂದ ಬಂದವರೇ ಆ ಕೋಣೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಹಾಡು ಮುಗಿಯುವವರೆಗೂ ಕದಲುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಗುನುಗಿದಾಗ ಒಮ್ಮೆಯೂ ಪೇಪರಿನಿಂದ ತಲೆ ಎತ್ತದ ಮನುಷ್ಯ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಯ ಸಂಗತಿಯೆಂದು ನನಗೆ ಗೊತ್ತಿತ್ತು. ಆದರೆ ಬದುಕಿರುವವಳಾದರೆ ಜಗಳವಾಡಬಹುದು, ಅವಳ ಕೂದಲು ನೆರೆಯುವುದನ್ನು ನೋಡಬಹುದು. ಇವಳೊಂದಿಗೆ ಅದಾವುದೂ ಸಾಧ್ಯವಿರಲಿಲ್ಲ. ಚರಚರ ಸದ್ದು ಅವಳ ದನಿಯನ್ನು ನುಂಗಿದಾಗಲೆಲ್ಲ ಒಳಗೊಳಗೇ ಹಿತವೆನಿಸುತ್ತಿತ್ತು.

ಆದರೂ ಕೆಲಸವನ್ನು ಮನಸ್ಸಿಟ್ಟು ಮಾಡಿದೆ. ಮಲತಾಯಿ ಬೇಕೆಂತಲೇ ಹಾಗೆ ಬಿಟ್ಟಳು ಎಂಬ ಮಾತು ಯಾರ ಬಾಯಲ್ಲೂ ಬರಬಾರದಿತ್ತು.

ಒಂದು ಭಾನುವಾರ ಸಂಜೆ ಕೂತೆ. ಸ್ಟೀಲ್ ಬೀರುವಿನ ಆಚೆಗಿದ್ದ ಸ್ಪೀಕರುಗಳನ್ನು ಈಚೆಗೆ ತಂದಾಗ ದನಿ ಕಡಿಕಡಿಯಾಗುವುದು ನಿಂತಿತು. ಒಂದೇ ಸ್ಪೀಕರ್ ಕಂಪ್ಯೂಟರಿನಲ್ಲಿ ಎರಡು ಹೆಸರಿನಿಂದ ಕಾಣುತ್ತಿತ್ತು, ಫೋನಿನಂತೆ ಮಾತಾಡಲು ಒಂದು, ಹಾಡು ಕೇಳಲು ಒಂದು. ಅನರ್ಘ್ಯ ಆರಿಸಿದ್ದು ಮಾತಿನದನ್ನು. ಅದನ್ನು ಬದಲಿಸಿದೆ, ದನಿ ತುಂಬಿಕೊಂಡಿತು. ಚರಚರ ಮಾತ್ರ ಹೋಗಲಿಲ್ಲ. ಬಗ್ಗಿ ಕಂಪ್ಯೂಟರಿನ ಹಿಂಭಾಗ ನೋಡಿದರೆ, ಸ್ಪೀಕರಿಗೆ ಸದ್ದು ಕಳಿಸುವ ಉಗುರಿನಷ್ಟು ಬಿಲ್ಲೆ ಆ ಹಾರ್ಡ್ ಡಿಸ್ಕಿನ ವೈರಿಗೆ ಅಂಟಿಕೊಂಡೇ ಇತ್ತು. ಕಿತ್ತು ಮುಂಭಾಗಕ್ಕೆ ಸಿಕ್ಕಿಸಿದೆ. ಚರಚರ ಥಟ್ಟನೆ ನಿಂತಿತು. ಗದ್ದಲ ಮಾಡುತ್ತಿದ್ದುದು ಅವಳ ಹಾಡನ್ನು ಹೊತ್ತುತಂದ ಡಿಸ್ಕೇ.

"ಈಗ ತಡ ಆಗೋದು?" ಅನರ್ಘ್ಯ ಕೇಳಿದಳು.

"ವೈರಿಲ್ದೆ ಹೋಗೋ ಸದ್ದು ಸ್ವಲ್ಪ ತಡ ಮಾಡೇ ಮಾಡುತ್ತೆ. ಅದಕ್ಕೆ ಚಿತ್ರಕ್ಕಿಂತ ಮುಂಚೆ ಅದನ್ನ ಹೊರಡಿಸ್ಬೇಕು. ನೀನು ತುಟಿ ನೋಡ್ತಿರು."

ಸದ್ದನ್ನು ಚೂರುಚೂರೇ ಮುಂದಕ್ಕೆ ಸರಿಸುತ್ತ ಹೋದೆ. "ಇನ್ನೂ... ಇನ್ನೊಂಚೂರು... ಹಾಂ, ಈಗ" ಎಂದಳು.

ಪರದೆಯ ಹೆಂಗಸು ಬಾಯಿ ತೆರೆದಳು. ಅವಳ ಜೊತೆಯಲ್ಲೇ ಹಾಡು ಬಂತು. ಅನರ್ಘ್ಯ ಕೈಯಿಂದ ಬಾಯಿ ಮುಚ್ಚಿಕೊಂಡಳು. ಧರಣೇಂದ್ರ ಎಂದಿನಂತೆ ಬಾಗಿಲಲ್ಲಿದ್ದರು. ಇಷ್ಟು ಚೆಂದದ ದನಿಯನ್ನು ನನ್ನ ಕೈಯಾರೆ ಈ ಮನೆಗೆ ಮರಳಿ ತಂದೆನಲ್ಲ ಎಂದು ನನ್ನನ್ನೇ ಹಳಿದುಕೊಂಡೆ.

ಎರಡನೆಯ ನುಡಿಯ ನಡುವೆ ಹಾಡು ನಿಂತಿತು. ಅಲ್ಲಿಂದಾಚೆ ಗದ್ದಲವಷ್ಟೇ ಇದೆಯೆಂದು ನಾವು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದೆವು. ಈಗ ನಿಲ್ಲಿಸದೆ ಬಿಟ್ಟಾಗ ಸುಪ್ರಭೆ ನಕ್ಕು, ಕ್ಯಾಮರಾ ಹಿಡಿದವರತ್ತ ನೋಡಿದ್ದು ಕಂಡಿತು. "ಅಯ್ಯೋ, ಮರ್ತೇಹೋಯ್ತು. ತಡೀರಿ, ನೆನಪು ಮಾಡ್ಕೊಂಡು ಇನ್ನೊಂದ್ಸಲ ಹಾಡ್ತೀನಿ."

ಕ್ಯಾಮರಾದ ಹಿಂದಿನಿಂದ ಒಂದು ಗಂಡಸಿನ ದನಿ ಕೇಳಿಸಿತು. "ಸಾಕು ಬಿಡು. ಜನ ಊಟಕ್ಕೆ ಕಾಯ್ತಿದಾರೆ. ನಿನ್ನ ಹಾಡೆಲ್ಲಿಗೂ ಓಡಿಹೋಗಲ್ಲ."

ಅವಳು ತಲೆ ತಗ್ಗಿಸಿ ಬಳೆಗಳನ್ನು ಸರಿಮಾಡಿಕೊಂಡಳು. ಚಿತ್ರ ಅಲ್ಲಿಗೆ ಕಡಿದುಹೋಯಿತು. ಆ ದನಿಯನ್ನು ನಾನು ಬಲ್ಲೆ. ದಿನವೂ ಪೇಪರಿನ ಹಿಂದಿನಿಂದ ಕೇಳುತ್ತಿದ್ದೆ.

"ಅಪ್ಪಾ, ಅದು ನೀವಾ?"

"ಹೂಂ" ಎಂದರು ಧರಣೇಂದ್ರ. "ಆ ಮಾತು ಅದರಲ್ಲಿ ಉಳ್ಕೊಂಡಿದೆಯಾ ಅಂತಲೇ ದಿನಾ ನಿಂತು ಕೇಳ್ತಿದ್ದೆ. ಕೇಳಿಸ್ದೆ ಇದ್ದಾಗ ಸಮಾಧಾನ ಆಗ್ತಿತ್ತು" ಎಂದರು.

"ಆಮೇಲೆ ಯಾವಾಗ್ಲಾದ್ರೂ ಹಾಡಿಸಿದ್ರಾ?"

"ಆಮೇಲೆ ನೀನು ಹುಟ್ಟಿದೆ."

ಅವರು ಬಾಗಿಲಲ್ಲಿ ನಿಲ್ಲುವುದನ್ನು ಒಲವೆಂದುಕೊಂಡು ನಾನು ಅಷ್ಟು ದಿನ ಬೆಂದದ್ದು ಅವರ ಅಂಜಿಕೆಗೆ. ನನಗೆ ಸಿಗದದ್ದು ಅವಳಿಗೂ ಸಿಕ್ಕಿರಲಿಲ್ಲ. ಹಾಗೆಂದು ಹೊಟ್ಟೆಕಿಚ್ಚು ಒಮ್ಮೆಲೇ ಆರಿಹೋಯಿತೆಂದರೆ ಸುಳ್ಳಾದೀತು. ಅನರ್ಘ್ಯಳ ಬೆರಳು ಇನ್ನೂ ಪರದೆಯ ಮೇಲಿನ ಆ ಕೆನ್ನೆಯನ್ನು ಸವರುತ್ತಿತ್ತು.

"ಎರಡನೇ ನುಡಿ ಇನ್ಯಾರಿಗೂ ಗೊತ್ತಿಲ್ವಾ?" ಎಂದಳು ಅವಳು.

ನನಗೆ ಗೊತ್ತಿತ್ತು. ನಮ್ಮ ತವರಿನ ಓಣಿಯಲ್ಲಿ ತೊಟ್ಟಿಲು ತೂಗುವಾಗಲೆಲ್ಲ ನನ್ನ ತಾಯಿ ಅದನ್ನೇ ಹಾಡುತ್ತಿದ್ದರು. ಸುಪ್ರಭೆಗೆ ಮರೆತದ್ದು ನನಗೆ ಬರುತ್ತಿತ್ತು. ಆ ಒಂದು ಗೆಲುವನ್ನು ನನ್ನಲ್ಲೇ ಇಟ್ಟುಕೊಳ್ಳಬೇಕೆಂದು ಒಂದು ಗಳಿಗೆ ಅನ್ನಿಸಿತು.

"ಮೊದಲಿನಿಂದ ಹಾಕು. ಅಮ್ಮ ನಿಲ್ಲಿಸಿದ ಕಡೆ ನೀನೂ ನಿಲ್ಲಿಸು" ಎಂದೆ.

ಅವಳು ನಿಲ್ಲಿಸಿದಳು. ಸುಪ್ರಭೆ ಬಿಟ್ಟ ಸ್ವರದಲ್ಲೇ ನಾನು ಎತ್ತಿಕೊಂಡೆ. ಮೊದಲ ಸಾಲು ನಡುಗಿತು, ಎರಡನೆಯದು ಹದಕ್ಕೆ ಬಂತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಬುಸುಗುಡತೊಡಗಿತು. ಅದು ಕೂಗುವ ಮೊದಲೇ ಧರಣೇಂದ್ರ ಸದ್ದಾಗದಂತೆ ಹೋಗಿ ಒಲೆ ಆರಿಸಿದರು. ಯಾರ ಹಾಡಿಗಾಗಿ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತ ಮರಳಿ ಬಂದವರು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು.